ಹುಣಸೆಹಣ್ಣು ಹಚ್ಚಿ ತಿಕ್ಕಿದ ರೂಪಾಯಿ

ಹಳೆಯ ಬೆಳ್ಳಿ ನಾಣ್ಯ ನೋಡುವುದನ್ನು ನನಗೆ ಕಲಿಸಿದವರು ಹುಮನಾಬಾದಿನ ನಮ್ಮ ಭಾವ, ಅಕ್ಕನ ಗಂಡ. ಕಿರಾಣಿ ಅಂಗಡಿಯಲ್ಲಿ ಕೂತು ಭೂತಗನ್ನಡಿ ಹಿಡಿದರೆಂದರೆ ಗಿರಾಕಿ ಕೂಗಿದ್ದೂ ಕೇಳುತ್ತಿರಲಿಲ್ಲ. ನಾಣ್ಯದ ಡಬ್ಬಿಯನ್ನು ಅಕ್ಕನಿಗೂ ಮುಟ್ಟಗೊಡುತ್ತಿರಲಿಲ್ಲ.

ನಿಜಾಮರ ಕಾಲದ ಒಂದು ರೂಪಾಯಿಯ ಬಗ್ಗೆ ನಮ್ಮಿಬ್ಬರ ನಡುವೆ ತಕರಾರಿತ್ತು. ಅದರ ಮೇಲಿನ ಚಾರ್ಮಿನಾರಿನ ನಡುಭಾಗ ಚಪ್ಪಟೆಯಾಗಿತ್ತು. ಕೈಯಿಂದ ಕೈಗೆ ಓಡಾಡಿ ಸವೆದದ್ದು ಅಂತ ನನ್ನ ವಾದ.

"ಸವದಿಲ್ಲೋ. ಟಂಕಸಾಲ್ಯಾಗ ಅಚ್ಚಿನ ಠಸೆನೇ ಗಟ್ಟಿಯಾಗಿ ಬಿದ್ದಿಲ್ಲ. ಚಪ್ಪಟೆ ಇದ್ದಲ್ಲೂ ಹುಟ್ಟಿದಾಗಿನ ಹೊಳಪು ಅದ. ಸವದಿದ್ರ ಅದು ಉಳೀತಿರಲಿಲ್ಲ. ಬೆಳಕಿಗಿ ಹೊರಳಿಸಿ ನೋಡು" ಅನ್ನುತ್ತಿದ್ದರು ಭಾವ.

ನಾನು ಒಪ್ಪಿರಲಿಲ್ಲ. ಮುಂದಿನ ಸಲ ಇನ್ನೂ ಒಳ್ಳೆಯ ಭೂತಗನ್ನಡಿ ತರುತ್ತೇನೆ, ಆಗ ನೋಡೋಣ ಅಂದಿದ್ದೆ. ಅಷ್ಟರಲ್ಲಿ ಎದೆನೋವು ಬಂದು ಅವರು ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕ ಫೋನ್ ಮಾಡಿದಳು. "ಆ ಡಬ್ಬಿ ಒಮ್ಮೆ ನೋಡಿ ಹೋಗು ತಮ್ಮಾ." ಬಸವಕಲ್ಯಾಣದಿಂದ ಬಸ್ಸು ಹತ್ತಿದೆ. ಹೊಸ ಭೂತಗನ್ನಡಿ ಜೇಬಿನಲ್ಲಿತ್ತು.

ಪಡಸಾಲೆಯಲ್ಲಿ ಸ್ಟೀಲಿನ ತಾಟಿನ ತುಂಬ ರೂಪಾಯಿಗಳು ಬೆಳ್ಳಗೆ ಮಿಂಚುತ್ತಿದ್ದವು.

"ಎಲ್ಲಾ ಕರ್ರಗಾಗಿದ್ವು. ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೀನಿ. ಹ್ಯಾಂಗ ಕಾಣಾಕತ್ತಾವ?" ಅಂತ ಕೇಳಿದಳು ಅಕ್ಕ.

ಆ ರೂಪಾಯಿಯನ್ನು ಹುಡುಕಿ ಕಿಟಕಿಯ ಬೆಳಕಿಗೆ ಹಿಡಿದೆ. ಮೈತುಂಬ ಕೂದಲೆಳೆಯಂಥ ಗೀರು. ಮೂಲ ಹೊಳಪಿದ್ದರೆ ನಾಣ್ಯ ಹೊರಳಿಸಿದಂತೆ ಬೆಳಕೂ ಅದರ ಮೇಲೆ ಹರಿಯುತ್ತದೆ. ಇದರಲ್ಲಿ ಏನೂ ಹರಿಯಲಿಲ್ಲ. ಎಲ್ಲ ಕಡೆ ಒಂದೇ ಥರದ ಸತ್ತ ಬಿಳುಪು. ಭಾವನ ಮಾತು ನಿಜವೋ ನನ್ನದು ನಿಜವೋ, ಇನ್ನು ಯಾವ ಭೂತಗನ್ನಡಿಯಿಂದಲೂ ತಿಳಿಯುವಂತಿರಲಿಲ್ಲ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಕೆಟ್ಟಾವೇನು?"

ಸುಳ್ಳು ಹೇಳಬೇಕೆನಿಸಿತು. ಆಗಲಿಲ್ಲ. "ಹೌದಕ್ಕಾ. ಮೊದಲಿನ ಮೈ ಹೋಯ್ತು. ತಿರುಗಿ ಬರಂಗಿಲ್ಲ."

ಆಕೆ ತನ್ನ ಕೈ ನೋಡಿಕೊಂಡಳು. ಹುಣಸೆಯ ಹುಳಿಗೆ ಬೆರಳ ತುದಿಗಳು ಸುಕ್ಕಾಗಿದ್ದವು.

"ಇದ್ದಾಗಂತೂ ಮುಟ್ಟಾಕ ಬಿಡ್ಲಿಲ್ಲ" ಅಂದಳು. "ಯಾಕ ಮುಟ್ಟಬಾರ್ದು ಅಂತನಾದ್ರೂ ಹೇಳಬಾರದಿತ್ತೇನು? ಇಷ್ಟು ವರ್ಷ ಸಂಸಾರ ಮಾಡೀನಿ."

ನನ್ನನ್ನು ಗಂಟೆಗಟ್ಟಲೆ ಕೂಡಿಸಿಕೊಂಡು ಹೇಳಿದ್ದನ್ನು ಅವರು ಆಕೆಗೆ ಒಂದು ದಿನವೂ ಹೇಳಿರಲಿಲ್ಲ. ಪಕ್ಕದಲ್ಲೇ ಚಹಾ ಇಟ್ಟು ಹೋಗುತ್ತಿದ್ದ ಅಕ್ಕನನ್ನು "ಬಾ, ನೀನೂ ನೋಡು" ಅಂತ ನಾನೂ ಕರೆದವನಲ್ಲ.

ಅಕ್ಕ ತಾಟನ್ನು ನನ್ನ ಕಡೆ ಸರಿಸಿದಳು. "ಒಯ್ದುಬಿಡು. ನೋಡಿದರ ಸಂಕಟ ಆಗ್ತದ."

ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಸಂಜೆಯ ಬಸ್ಸಿಗೆ ಹೊರಟೆ. ಈಗಲೂ ಹುಮನಾಬಾದಿಗೆ ಹೋಗುತ್ತೇನೆ, ಉಣ್ಣುತ್ತೇನೆ, ಮಳೆಯ ಮಾತು, ತೊಗರಿಯ ಮಾತು ಆಡುತ್ತೇವೆ. ಭಾವನ ಹೆಸರು ಬಂದರೆ ಮಾತ್ರ ಅಕ್ಕ ಎದ್ದು ಒಳಗೆ ಹೋಗುತ್ತಾಳೆ.