ಫಿಜಿಯಲ್ಲಿ ಬಸವರಾಜನ ನಿದ್ದೆ

ಸಿಡ್ನಿಯಿಂದ ಫಿಜಿಯ ನಾಡಿ ಊರಿಗೆ ವಿಮಾನದಲ್ಲಿ ನಾಲ್ಕು ಗಂಟೆಯ ದಾರಿ. ಬ್ಲ್ಯಾಕ್‌ಟೌನಿನ ನಮ್ಮ ಮನೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟರೆ ಧಾರಾಳವಾಗಿ ಸಾಕಿತ್ತು. ಆದರೆ ನನ್ನ ಗಂಡ ಬಸವರಾಜ ಐದಕ್ಕೇ ಶೂ ಹಾಕಿಕೊಂಡು, ಪಾಸ್‌ಪೋರ್ಟ್ ಹಿಡಿದು ಸೋಫಾದಲ್ಲಿ ಕೂತಿದ್ದ. ಬೇಗ ಎದ್ದಿದ್ದ ಅಂದರೆ ತಪ್ಪಾದೀತು. ಅವನು ಮಲಗಿಯೇ ಇರಲಿಲ್ಲ.

ಹುಬ್ಬಳ್ಳಿಯ ಬಸವರಾಜ, ಮಂಗಳೂರಿನ ನಾನು ಸಿಡ್ನಿಗೆ ಓದಲು ಬಂದು, ಅಲ್ಲೇ ನೆಲೆಸಲು ಪಿಆರ್ ಪಡೆದು, ಮದುವೆಯಾದವರು. ಆರು ವರ್ಷಗಳಿಂದ ಅವನು ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಕಡೆಗೆ ನಿದ್ದೆ ಎರಡೂ ಹೊತ್ತು ಕೈಕೊಟ್ಟಿತು. ಒಂದು ಸಂಜೆ ಮೋಟರ್‌ವೇಯಲ್ಲಿ ಕಾರು ಓಡಿಸುತ್ತಲೇ ಕಣ್ಣು ಮುಚ್ಚಿದ. ಪಕ್ಕದಲ್ಲಿದ್ದ ನಾನು ಸ್ಟಿಯರಿಂಗ್ ಎಳೆದದ್ದರಿಂದ ಇಬ್ಬರೂ ಉಳಿದೆವು. ಡಾಕ್ಟರು ಎಲ್ಲಾದರೂ ಹತ್ತು ದಿನ ಸುಮ್ಮನಿದ್ದು ಬನ್ನಿ ಅಂದರು. ಆಗಲೂ ನಿದ್ದೆ ಬರದಿದ್ದರೆ ಮಾತ್ರೆ ಶುರು, ಡ್ರೈವಿಂಗ್ ಬಂದ್. ಡ್ರೈವಿಂಗ್ ಹೋದರೆ ಅವನ ಕೆಲಸವೂ ಹೋದಂತೆಯೇ. ಹೀಗೆ ನಾವು ನಿದ್ದೆ ಹುಡುಕಿಕೊಂಡು ದ್ವೀಪಕ್ಕೆ ಹೊರಟೆವು.

ನಾಡಿಯಿಂದ ದೋಣಿಯಲ್ಲಿ ಮೂರೂವರೆ ಗಂಟೆ, ತಲಾ ತೊಂಬತ್ತು ಫಿಜಿ ಡಾಲರು. ನಮ್ಮ ದ್ವೀಪದಲ್ಲಿ ಎಂಟು ಹುಲ್ಲಿನ ಮನೆ, ಒಂದು ಅಡುಗೆಮನೆ, ಮೊಬೈಲಿಗೆ ಸಿಗ್ನಲ್ಲೇ ಇಲ್ಲ. ಬಿಸಿಲು ಜೋರಾಗಿದ್ದರೂ ಗಾಳಿ ನಿಲ್ಲುತ್ತಿರಲಿಲ್ಲ. ತೆಂಗಿನಹಾಲಿನಲ್ಲಿ ಬೇಯಿಸಿದ ಮೀನು ಮತ್ತು ಮರಗೆಣಸು ತಿಂದು ನನಗಂತೂ ತವರಿಗೆ ಬಂದ ಹಾಗಾಯಿತು. ಊಟ ಏಳಕ್ಕೆ ಎಂದು ಬೋರ್ಡಿನಲ್ಲಿತ್ತು, ಬಂದದ್ದು ಎಂಟೂವರೆಗೆ. ಬಸವರಾಜ ಅಷ್ಟರಲ್ಲಿ ನಾಲ್ಕು ಸಲ ಅಡುಗೆಮನೆಗೆ ಇಣುಕಿ ಬಂದಿದ್ದ.

"ಇಲ್ಲಿ ಯಾರೂ ಟೈಮ್ ನೋಡಂಗೇ ಇಲ್ಲಲೇ," ಅಂದ.

"ನೋಡದವರು ಚೆಂದ ಗೊರಕೆ ಹೊಡೀತಿದ್ದಾರೆ ಮಾರಾಯ. ನೀನು ನೋಡಿ ಏನು ಸಿಕ್ಕಿತು?"

ಮಾತು ಒರಟಾಯಿತು, ಆದರೆ ನನಗೆ ಭಯವಿತ್ತು. ಮೊದಲ ಮೂರು ದಿನ ಅವನು ಒಂದೆರಡು ಗಂಟೆಗಿಂತ ಹೆಚ್ಚು ಮಲಗಲಿಲ್ಲ. ನಾಲ್ಕನೆಯ ದಿನ ಅಡುಗೆಮನೆಯವರಿಗಾಗಿ ಯಾವ ಹೊತ್ತಿಗೆ ಯಾರು ಏನು ಮಾಡಬೇಕೆಂಬ ರೋಸ್ಟರ್ ಒಂದನ್ನು ಗೆರೆ ಎಳೆದು ಬರೆದುಕೊಟ್ಟ. ಅಡುಗೆಯಾಕೆ ಅದನ್ನು ಬಹಳ ಮೆಚ್ಚಿಕೊಂಡು, ನಾಲ್ಕಾಗಿ ಮಡಚಿ, ಅಲ್ಲಾಡುವ ಮೇಜಿನ ಕಾಲಡಿ ಇಟ್ಟಳು.

ಭಾನುವಾರ ದೋಣಿಯ ರಾಮ್ ಭಾಯಿ ನಮ್ಮನ್ನು ಎದುರಿನ ದ್ವೀಪದ ಹಳ್ಳಿಗೆ ಕರೆದೊಯ್ದರು. ಅವರು ಫಿಜಿಯಲ್ಲೇ ಹುಟ್ಟಿದ ಭಾರತೀಯ ಮೂಲದವರು, ಅವರ ಹಿಂದಿಯೂ ನಮ್ಮ ಹಿಂದಿಯೂ ಹೇಗೋ ಹೊಂದಿಕೊಂಡಿದ್ದವು. ಇಪ್ಪತ್ತು ನಿಮಿಷದ ದಾರಿ. ಚರ್ಚಿಗೆ ಗಂಡಸರು ಪ್ಯಾಂಟ್ ಬಿಟ್ಟು ಲುಂಗಿಯಂಥ ಬಟ್ಟೆ ಸುತ್ತಿಕೊಳ್ಳಬೇಕು. ಬಸವರಾಜ ಅದನ್ನು ಒಂದೇ ಏಟಿಗೆ ಸುತ್ತಿಕೊಂಡು ಊರವರ ಶಹಬ್ಬಾಸ್ ಗಿಟ್ಟಿಸಿದ. ಚರ್ಚಿನ ಬಾಗಿಲಲ್ಲಿ ಟೊಳ್ಳು ಕೊರೆದ ಮರದ ದಿಮ್ಮಿಯೊಂದಿತ್ತು. ಎರಡು ಕೋಲುಗಳಿಂದ ಅದನ್ನು ಬಾರಿಸಿದರೆ ಇಡೀ ಊರು ಪ್ರಾರ್ಥನೆಗೆ ಸೇರುತ್ತದೆ. ಅಂದು ಬಾರಿಸಿದವರು ಮಂಡಿನೋವಿನಿಂದ ಕುಂಟುತ್ತಿದ್ದ ಮೆರೆ ಎಂಬ ಮುದುಕಿ. ಅವರು ನಮ್ಮನ್ನು ಒಳಗೆ ಕರೆದು ತಮ್ಮ ಪಕ್ಕದ ಚಾಪೆಯಲ್ಲೇ ಕೂರಿಸಿಕೊಂಡರು.

ಪಾದ್ರಿಯ ಪ್ರಸಂಗ ಉದ್ದವಾಗಿತ್ತು, ನಮಗೆ ಅರ್ಥವಾಗದ ಭಾಷೆಯಲ್ಲಿತ್ತು. ಅರ್ಧ ಗಂಟೆಯಲ್ಲಿ ಬಸವರಾಜನ ತಲೆ ಗೋಡೆಗೆ ವಾಲಿತು, ಬಾಯಿ ತೆರೆದುಕೊಂಡಿತು. ಮಂಗಳೂರಿನ ನಮ್ಮ ಚರ್ಚಿನಲ್ಲಿ ಪ್ರಸಂಗದ ಹೊತ್ತಿಗೆ ತೂಕಡಿಸಿದರೆ ತೊಡೆ ಚಿವುಟುವ ತಾಯಿಯ ಕೈಯಲ್ಲಿ ಬೆಳೆದವಳು ನಾನು. ನಾಚಿಕೆಯಿಂದ ಚಿವುಟಲು ಕೈ ಚಾಚಿಯೇ ಬಿಟ್ಟೆ. ಮೆರೆ ನನ್ನ ಮಣಿಕಟ್ಟು ಹಿಡಿದರು. "ಬಿಡು, ಯಾಕೆ ಎಬ್ಬಿಸುತ್ತೀ?" ಎಂದು ಪಿಸುದನಿಯ ಇಂಗ್ಲಿಷಿನಲ್ಲಿ ಕೇಳಿದರು. ಆ ಹಿಡಿತದಲ್ಲಿ ಏನಿತ್ತೋ, ನಾನು ಅವರ ಕಿವಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ, ಕಾರಿನ ಕತೆಯನ್ನೂ ಸೇರಿಸಿ.

ಪ್ರಾರ್ಥನೆ ಮುಗಿದಾಗ ಊರವರು ಒಬ್ಬೊಬ್ಬರಾಗಿ ತುದಿಗಾಲಲ್ಲಿ ಹೊರಗೆ ಹೋದರು. ಮೆರೆ ಚಾಪೆ ಮಡಚಿ ಅವನ ತಲೆಯಡಿ ಇಟ್ಟರು, ಅವನು ಏಳಲಿಲ್ಲ. ನಾವು ಕೂಡಲೇ ಹೊರಡಬೇಕಿತ್ತು. ರಾಮ್ ಭಾಯಿ ಒಳಗೊಮ್ಮೆ ಇಣುಕಿ, "ಸೋನೇ ದೋ ಬೆಹೆನ್," ಮಲಗಲಿ ಬಿಡು ತಂಗಿ, ಎಂದು ಹೋಗಿ ಮರದ ನೆರಳಲ್ಲಿ ತಾವೂ ಒರಗಿದರು. ನಾನು ಗಂಡನ ಪಕ್ಕ ಕೂತೆ. ಒಂದು ಗಂಟೆಯಾಯಿತು, ಎರಡಾಯಿತು, ಮೂರಾಯಿತು. ಅವನ ಉಸಿರಾಟ ನೋಡುತ್ತ ಕೂತಿದ್ದೆನೇ ಹೊರತು ಬೇರೇನೂ ಮಾಡಲಿಲ್ಲ. ಸಿಡ್ನಿಯಲ್ಲಿ ನಾನು ಹಾಗೆ ಹತ್ತು ನಿಮಿಷ ಕೂತ ನೆನಪಿಲ್ಲ.

ಮಧ್ಯಾಹ್ನ ಮೂರಕ್ಕೆ ಇನ್ನೊಂದು ಪ್ರಾರ್ಥನೆಯಿತ್ತು. ಮೆರೆ ಬಂದು ಕೋಲು ಎತ್ತಿಕೊಂಡಾಗ ನನ್ನ ಜೀವ ಬಾಯಿಗೆ ಬಂತು. ಅವರು ಒಳಗೆ ನೋಡಿದರು, ಕೋಲುಗಳನ್ನು ಮೆಲ್ಲನೆ ದಿಮ್ಮಿಯ ಮೇಲೆ ಇಟ್ಟರು. ಆಮೇಲೆ ಮಂಡಿನೋವಿನ ಆ ಕಾಲುಗಳಲ್ಲಿ ಮನೆಮನೆಗೆ ನಡೆದು, ಬಾಗಿಲು ತಟ್ಟಿ, ಎಲ್ಲರನ್ನೂ ಬಾಯಲ್ಲೇ ಕರೆದರು. ಊರವರು ಚರ್ಚಿಗೆ ಬರಲಿಲ್ಲ, ದೂರದ ಮರದಡಿ ಸೇರಿದರು. ಗುರುತು ಪರಿಚಯವಿಲ್ಲದ ಒಬ್ಬ ಮನುಷ್ಯ ಮಲಗಿದ್ದಾನೆಂದು ಒಂದು ಇಡೀ ಊರು ತನ್ನ ದೇವರನ್ನು ಹೊರಗೆ ಕರೆದುಕೊಂಡು ಹೋಯಿತು. ನಾನು ಅತ್ತುಬಿಟ್ಟೆ.

ಅವರ ಹಾಡು ಕೊನೆಗೆ ಬಂದಾಗ ಬಸವರಾಜ ಕಣ್ಣು ಬಿಟ್ಟ. "ಇನ್ನೂ ಮುಗದಿಲ್ಲೇನ ಇವರ ಪ್ರಾರ್ಥನಾ?" ಅಂದ. ಐದು ನಿಮಿಷ ಜೋಂಪು ಹತ್ತಿತ್ತೆಂದು ಅವನ ಲೆಕ್ಕ.

ಆಗ ಏನಾದರೂ ಹೇಳಲು ಹೋದರೆ ಮತ್ತೆ ಅಳು ಬರುತ್ತಿತ್ತು. ಎಲ್ಲರಿಗೂ ಕೈಬೀಸಿ ದೋಣಿ ಹತ್ತಿದೆವು. ಅರ್ಧ ದಾರಿಯಲ್ಲಿ, ಸೂರ್ಯ ಇಳಿಯುತ್ತಿದ್ದಾಗ, ನಡೆದದ್ದನ್ನೆಲ್ಲ ಹೇಳಿದೆ. ಅವನು ದೋಣಿಯ ಹಿಂದಕ್ಕೆ ತಿರುಗಿದ.

"ರಾಮ್ ಭಾಯಿ, ವಾಪಸ್ ಲೇ ಚಲೋ," ಅಂದ.

"ಊಟಕ್ಕೆ ಲೇಟಾಗ್ತದೆ," ಅಂದೆ ನಾನು. ಆ ಮಾತು ನನ್ನ ಬಾಯಿಂದ ಬಂತಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

"ಆಗ್ಲಿ ತಗೋ."

ದೋಣಿ ತಿರುಗಿತು. ಮೆರೆ ಮನೆಯ ಮುಂದೆ ಚಾಪೆಗಳನ್ನು ಸುತ್ತಿಡುತ್ತಿದ್ದರು. ನಾವು ಏನೋ ಮರೆತು ಹೋಗಿದ್ದೆವೆಂದುಕೊಂಡು ಸುತ್ತಲೂ ನೋಡಿದರು. ಬಸವರಾಜ ನೇರ ಹೋಗಿ, ನಮ್ಮ ಕಡೆಯ ರೂಢಿಯಂತೆ, ಮಂಡಿಯೂರಿ ಅವರ ಕಾಲಿಗೆ ಹಣೆ ಹಚ್ಚಿದ. ಆ ರೂಢಿ ಅವರಿಗೇನು ಗೊತ್ತು? ಗಾಬರಿಯಾಗಿ ಅವನ ಭುಜ ಹಿಡಿದುಕೊಂಡರು. ಆಮೇಲೆ, ಅಯ್ಯೋ ಪಾಪ, ಇವನಿಗೆ ಮತ್ತೆ ನಿದ್ದೆ ಬಂತು ಎಂದುಕೊಂಡು, ಸುತ್ತಿಟ್ಟ ಚಾಪೆಯನ್ನು ಬಿಡಿಸತೊಡಗಿದರು.