ದೇವರ ದನಕ್ಕೆ ಮಾಲೀಕನಾದ ಮಾವ

ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ನಾನು ಇತಿಹಾಸ ಹೇಳಿಕೊಡುತ್ತೇನೆ. ಪಠ್ಯದಲ್ಲಿ ಇಲ್ಲದ ಒಂದು ಸಂಗತಿಯನ್ನು ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳುವ ಚಾಳಿ ನನ್ನದು. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಬ್ರಿಟಿಷರು ಅಣುಬಾಂಬು ಸಿಡಿಸಿ ನೋಡುವುದಕ್ಕಾಗಿ ಅಲ್ಲಿನ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿದರು. ಒಳಗೆ ಬರಬೇಡಿ ಎಂದು ಇಂಗ್ಲಿಷಿನಲ್ಲಿ ಬೋರ್ಡು ನೆಟ್ಟರು. ಆ ಜನಕ್ಕೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಇಲ್ಲಿಗೆ ಬಂದಾಗ ಮಕ್ಕಳು ನಗುತ್ತಾರೆ. ಮೊದಲೆಲ್ಲ ನಾನೂ ಜೊತೆಗೆ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ಓದು ಬರಹ ಚೆನ್ನಾಗಿ ಬಲ್ಲ ನಾನೇ ನನ್ನ ಮಾವನನ್ನು ಅವನ ಜಾಗದಿಂದ ಎಬ್ಬಿಸಿದವಳು.

ಮಾವ ಎಂದರೆ ನಮ್ಮವ್ವನ ತಮ್ಮ. ನನ್ನಿವಾಳದ ಹತ್ತಿರದ ನಮ್ಮ ಹಟ್ಟಿಯಲ್ಲಿ ಕಿಲಾರಿಯಾಗಿದ್ದ. ಮ್ಯಾಸಬೇಡರಾದ ನಮ್ಮಲ್ಲಿ ದೇವರಿಗೆ ಬಿಟ್ಟ ದನಗಳ ಹಿಂಡು ಇರುತ್ತದೆ, ಅದನ್ನು ಕಾಯುವವನೇ ಕಿಲಾರಿ. ಆ ಎತ್ತುಗಳ ಹೆಗಲಿಗೆ ನೊಗ ಇಡುವಂತಿಲ್ಲ, ಹಸುಗಳ ಹಾಲು ಮಾರುವಂತಿಲ್ಲ, ಸತ್ತರೆ ಮನುಷ್ಯರಂತೆ ಮಣ್ಣು ಮಾಡಬೇಕು. ಮಾವ ಮದುವೆಯಾಗಲಿಲ್ಲ. ದನದ ರೊಪ್ಪದ ಪಕ್ಕದ ಗುಡಿಸಲಲ್ಲೇ ಉಂಡ, ಅಲ್ಲೇ ಮಲಗಿದ. ನಾನು ಚಿಕ್ಕವಳಿದ್ದಾಗ ಒಮ್ಮೆ, "ಇವೆಲ್ಲಾ ನಿನ್ನ ದನಾನಾ ಮಾವ?" ಎಂದು ಕೇಳಿದ್ದಕ್ಕೆ ಬಾಯಿ ಮೇಲೆ ಒಂದು ಬಿಟ್ಟಿದ್ದ. ಅವನು ನನ್ನ ಮೇಲೆ ಕೈ ಎತ್ತಿದ್ದು ಅದೊಂದೇ ಸಲ.

ಹಿಂಡು ಮೇಯುತ್ತಿದ್ದದ್ದು ವರವು ಕಾವಲಿನ ಕಡೆಯ ಹುಲ್ಲಿನಲ್ಲಿ, ನೀರು ಕುಡಿಯುತ್ತಿದ್ದದ್ದು ಅಲ್ಲಿಯ ಗೋಕಟ್ಟೆಯಲ್ಲಿ. ಆಮೇಲೆ ರಕ್ಷಣಾ ಸಂಶೋಧನೆಗೆಂದು ಸರ್ಕಾರ ಕಾವಲನ್ನು ತೆಗೆದುಕೊಂಡಿತು, ಸುತ್ತ ಗೋಡೆ ಬಂತು. ದೇಶಕ್ಕೆ ಬೇಕು ಎಂದರು. ದೇಶಕ್ಕೆ ಬೇಕಾಗುವ ಜಾಗ ಯಾವಾಗಲೂ ನಮ್ಮಂಥವರು ದನ ಮೇಯಿಸುವ ಜಾಗವೇ ಆಗಿರುತ್ತದೆ. ಯಾರದೋ ಬಂಗಲೆಯ ಅಂಗಳ ಬೇಕಾಯಿತು ಅನ್ನುವುದನ್ನು ನಾನು ಇಷ್ಟು ವರ್ಷದಲ್ಲಿ ಯಾವ ಇತಿಹಾಸದಲ್ಲೂ ಓದಿಲ್ಲ. ಗೋಕಟ್ಟೆ ಗೋಡೆಯ ಒಳಗಾಯಿತು, ದನ ಹೊರಗಾದವು. ಮಾವ ಕೆಲವು ವರ್ಷ ಅವನ್ನು ಅಲ್ಲಿ ಇಲ್ಲಿ ಅಲೆದಾಡಿಸಿ ನೀರು ಕುಡಿಸಿದ. ಎರಡು ಬೇಸಿಗೆಯ ಹಿಂದೆ ಒಂದು ಕಚೇರಿಯಿಂದ ಸುದ್ದಿ ಬಂತು. ದನ ಇದ್ದವರು ಅರ್ಜಿ ಹಾಕಿಕೊಂಡರೆ ಗೋಕಟ್ಟೆಗೆ ಹೋಗಲು ಗೇಟಿನ ಪಾಸು ಕೊಡುತ್ತಾರಂತೆ.

ಮಾವನನ್ನು ಕರೆದುಕೊಂಡು ಚಳ್ಳಕೆರೆಗೆ ಹೋದೆ. ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಕೊಂಡು ಅಲ್ಲೇ ನಿಂತು ತುಂಬಿಸಿದೆ. ಒಂದು ಕಾಲಂನಲ್ಲಿ 'ಅರ್ಜಿದಾರರ ಸ್ವಂತ ಜಾನುವಾರು' ಎಂದಿತ್ತು.

"ಇಲ್ಲೇನು ಬರೀಲಿ ಮಾವ?"

"ನಂದು ಯಾವ್ದೂ ಇಲ್ಲ ಅಂತ ಬರಿಯವ್ವ. ದೇವ್ರ ದನ ಅವು."

ಅಂಗಡಿಯ ಭಾಯಿ ತಲೆ ಎತ್ತಿ ನೋಡಿದರು. "ಮೇಡಂ, ದನ ಇಲ್ಲ ಅಂತ ಬರದ್ರೆ ಅರ್ಜಿ ಯಾಕೆ ಹಾಕ್ತೀರಿ? ಅವ್ರ ಹೆಸರಿಗೇ ಬರೀರಿ ಅಲ್ಲಾ" ಎಂದರು. ಕಚೇರಿಗಳ ಬಾಗಿಲು ಬಲ್ಲ ಮನುಷ್ಯ. ಎಂ.ಎ. ಮಾಡಿದ ನನಗೆ ಅಷ್ಟು ಬುದ್ಧಿ ಇರಲಿಲ್ಲ. ಹಟ್ಟಿಯಲ್ಲಿ ಹುಟ್ಟಿದವಳ ಕೈ ಬೇರೆ ಏನನ್ನೂ ಬರೆಯಲು ಒಪ್ಪಲಿಲ್ಲ. 'ಇಲ್ಲ' ಎಂದು ಗುಂಡಗೆ ಬರೆದೆ.

ತಿಂಗಳ ಮೇಲೆ ಉತ್ತರ ಬಂತು. ಅರ್ಜಿದಾರರಿಗೆ ಜಾನುವಾರು ಇಲ್ಲವಾದ್ದರಿಂದ ನೀರಿನ ಅಗತ್ಯ ಕಂಡುಬಂದಿಲ್ಲ. ನನಗೆ ಮೈ ಉರಿದುಹೋಯಿತು. ಕಚೇರಿಯ ಮೇಲಿನ ಸಿಟ್ಟನ್ನು ತಂದು ಮಾವನ ಮೇಲೆ ಸುರಿದೆ. ಮರುಪರಿಶೀಲನೆಗೆ ಬರೆದೆ. ವಿಚಾರಣೆಯ ದಿನ ಗೊತ್ತಾದಾಗ ರೊಪ್ಪಕ್ಕೇ ಹೋಗಿ ಕೂತೆ.

"ಒಂದೇ ಮಾತು. ನನ್ನವು ಅಂತ ಹೇಳಿಬಿಡು. ಅದರಿಂದ ದೇವ್ರಿಗೇನು ಕಮ್ಮಿ ಆಗ್ತೈತೆ?"

"ಬಾಯಿಗೆ ಬರಲ್ಲವ್ವ."

"ದನ ನೀರಿಲ್ದೆ ಸತ್ರೆ? ಆ ಪಾಪ ಯಾರಿಗೆ ಬರ್ತೈತೆ ಮಾವ?"

ಒಂದು ಮುದಿ ಹಸು ಮಾವನ ಹೆಗಲ ಮೇಲಿನ ಟವಲ್ಲು ನೆಕ್ಕುತ್ತಿತ್ತು. ಆ ಪ್ರಶ್ನೆ ಎಲ್ಲಿ ನಾಟುತ್ತದೆ ಎಂದು ತಿಳಿದೇ ನಾನು ಕೇಳಿದ್ದೆ.

ವಿಚಾರಣೆ ನಡೆಸಿದ ಸಾಹೇಬರು ಕೆಟ್ಟವರೇನಲ್ಲ. ಕುರ್ಚಿ ಕೊಟ್ಟರು. ಮಾವ ಕೂರಲಿಲ್ಲ. "ದನ ಯಾರವು?" ಎಂದು ಕೇಳಿದರು. ಮಾವ ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ.

"ನನ್ನವು ಸ್ವಾಮಿ."

"ಜೋರಾಗಿ ಹೇಳಪ್ಪ, ಕೇಳಲಿಲ್ಲ."

"ನನ್ನವು."

ಸಾಹೇಬರು ಬರೆದುಕೊಂಡರು. ನಾನು ಗೆದ್ದೆ ಅಂದುಕೊಂಡೆ. ಬಸ್ಸಿನಲ್ಲಿ ನನ್ನಿವಾಳದವರೆಗೆ ಮಾವ ಕಿಟಕಿಗೆ ತಲೆ ಆನಿಸಿ ಕೂತಿದ್ದ, ದಣಿದಿದ್ದಾನೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವನು ತಲೆಗೆ ನೀರು ಹಾಕಿಕೊಂಡು, ಕಿಲಾರಿಯ ಕೋಲನ್ನು ಗುಡಿಯ ಹೊಸ್ತಿಲ ಮೇಲೆ ಇಟ್ಟು, ನಮ್ಮವ್ವನ ಮನೆಗೆ ಬಂದುಬಿಟ್ಟ. ಹಟ್ಟಿಯ ಹಿರಿಯರು ಬೈಯಲಿಲ್ಲ, ದಂಡ ಹಾಕಲಿಲ್ಲ. "ಬಾಯಿಮಾತಿಗೆ ಯಾಕಿಷ್ಟು ಹಚ್ಕೊಂತೀಯಪ್ಪ, ಕೋಲು ತಗೋ" ಎಂದು ಮನೆತನಕ ಬಂದು ಕರೆದರು.

"ದೇವ್ರ ದನಾನ ನನ್ನವು ಅಂದೋನು ಇನ್ನ ಅವುಗಳ ಹಿಂದೆ ಹೆಂಗೆ ನಡೀಲಿ?" ಎಂದ. ಹಿರಿಯರು ಎದ್ದು ಹೋದರು.

ಕೋಲು ಅವನ ಚಿಕ್ಕಪ್ಪನ ಮಗನ ಕೈಗೆ ಹೋಯಿತು. ಅಷ್ಟರಲ್ಲಿ ಪಾಸು ಬಂತು, ಮಾವನ ಫೋಟೋ ಅಂಟಿಸಿಕೊಂಡು. ಹೊಸ ಕಿಲಾರಿ ಅದನ್ನು ಹಿಡಿದು ಹಿಂಡು ಹೊಡೆದುಕೊಂಡು ಹೋದ. ಮಾಲೀಕರೇ ಬರಬೇಕು ಎಂದು ಗೇಟಿನಿಂದ ವಾಪಸ್ಸು ಕಳಿಸಿದರು. ಗೇಟಿನವರೆಗೆ ಬಂದು ನಿಲ್ಲು ಸಾಕು ಎಂದು ಮಾವನ ಕಾಲು ಹಿಡಿದೆ. ಅವನು ಅಲುಗಲಿಲ್ಲ. ಹೊಸ ಕಿಲಾರಿಯ ಹೆಸರಿಗೆ ಹೊಸ ಅರ್ಜಿ ಹಾಕಬಹುದಿತ್ತು. ಹಾಕಿದರೆ ಅವನೂ ಹೋಗಿ ಅದೇ ಮಾತು ಹೇಳಬೇಕು. ಬರೆದುಕೊಡು ಎಂದು ಕೇಳಲು ಬಂದವರಿಗೆ ನನ್ನ ಕೈಲಾಗುವುದಿಲ್ಲ ಎಂದೆ. ಬೇಸಿಗೆ ಮುಗಿಯುವ ಮೊದಲೇ ಹಿಂಡು ನೀರು ಹುಡುಕಿಕೊಂಡು ಆಂಧ್ರದ ಗಡಿಯ ಕಡೆ ಹೋಯಿತು. ಮುದಿ ಹಸು ದಾರಿಯಲ್ಲೇ ಉಳಿಯಿತು. ಅದನ್ನು ಮಣ್ಣು ಮಾಡಲು ಮಾವ ಹೋಗಲಿಲ್ಲ, ಎರಡು ದಿನ ಉಣ್ಣಲಿಲ್ಲ.

ಪಾಸು ನಮ್ಮವ್ವನ ಮನೆಯ ಗೂಡಿನಲ್ಲೇ ಇದೆ. ಹೋದ ತಿಂಗಳು ನಾನು ಹೋದಾಗ ಮಾವ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದ. ಅವನಿಗೆ ಓದಲು ಬರುವುದಿಲ್ಲ.

"ನನ್ನ ಫೋಟೋದ ಕೆಳಗೆ ಏನೋ ಬರ್ದವ್ರಲ್ಲವ್ವ, ಏನದು?" ಎಂದು ಕೇಳಿದ.

'ದನಗಳ ಮಾಲೀಕರು' ಎಂದು ದಪ್ಪ ಅಕ್ಷರದಲ್ಲಿತ್ತು.

"ನಿನ್ನ ಹೆಸರು ಮಾವ" ಎಂದೆ. "ಅಷ್ಟೇ."