ನಡೆದವರು ನಾವು, ಹಾರ ಮಂಜನಿಗೆ

ಸ್ನೇಹಿತರೇ, ಮಧುಗಿರಿಯಿಂದ ಹೊರಟ ನಮ್ಮ ಮೂವರ ಪಾದಯಾತ್ರೆ ಇವತ್ತು ಮಧ್ಯಾಹ್ನ ನಿಡುಗಲ್ ಬೆಟ್ಟದ ಬುಡದಲ್ಲಿ ಯಶಸ್ವಿಯಾಗಿ ಮುಗಿಯಿತು. ಮೂವರಲ್ಲಿ ನಡೆದವರು ನಾನು ಮತ್ತು ಶಿರಾದ ನಯಾಜ್. ಮೂರನೆಯವನು ಮಂಜ, ಈ ಯಾತ್ರೆಯ ಐಡಿಯಾ ಕೊಟ್ಟ ಮಹಾನುಭಾವ. ಮೊದಲ ದಿನವೇ ಅವನಿಗೆ ಹೊಸ ಶೂ ಕಚ್ಚಿತು. ಭಾವನನ್ನು ಕರೆಸಿಕೊಂಡು ಬೈಕ್ ಹತ್ತಿ ಹೋಗಿಬಿಟ್ಟ.

ಇವತ್ತು ನಾವಿಬ್ಬರೂ ಕುಂಟುತ್ತಾ ಬೆಟ್ಟದ ಬುಡದ ಊರು ಮುಟ್ಟಿದರೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮಂಜ ಅರಳಿಕಟ್ಟೆಯ ಮೇಲೆ ಕೂತಿದ್ದಾನೆ! ಕೊರಳಲ್ಲಿ ಸೇವಂತಿಗೆ ಹಾರ. ಊರಿನ ಅಜ್ಜಿಯೊಬ್ಬಳು ಅವನ ಕಾಲಿಗೆ ಬಿಸಿನೀರು ಹುಯ್ಯುತ್ತಿದ್ದಾಳೆ. ಹತ್ತಿರ ಹೋದ ನಮ್ಮನ್ನು ಗದರಿದಳು: "ವಸಿ ಆ ಕಡೆ ನಿಂತ್ಕಳ್ರಪ್ಪ! ಪಾಪ, ಮಧುಗಿರಿಯಿಂದ ನಡ್ಕಂಡ್ ಬಂದವ್ನೆ ನಾಯನಾ, ನನ್ ಕಂದ. ನೋಡ್ರಿ, ಒಂದು ಬೊಬ್ಬೆನೂ ಎದ್ದಿಲ್ಲ!"

"ಅದೆಂಗ್ಲಾ ಮಂಜ?" ಎಂದೆ.

"ಎಲ್ಲಾ ಮನಸ್ಸಿನ ಮೇಲೈತೆ ಕಣ್ಲಾ," ಎಂದ, ಕಣ್ಣು ಮುಚ್ಚಿಕೊಂಡೇ.

ನಯಾಜ್‌ಗೆ ತಡೆಯಲಾಗಲಿಲ್ಲ. ಶೂ ಬಿಚ್ಚಿ, ರಕ್ತ ಹತ್ತಿದ ಸಾಕ್ಸ್ ತೋರಿಸಿದ. ಅಜ್ಜಿ ಮರುಗಿದಳು: "ಅಯ್ಯೋ, ಅಭ್ಯಾಸ ಇಲ್ದೋರು ಯಾಕಪ್ಪ ನಡೀಬೇಕು? ಬಸ್ಸು ಬತ್ತದಲ್ಲ!"

ವಾಪಸು ಹೊರಟಾಗ ಬಸ್ಸಿನಲ್ಲಿ ಖಾಲಿ ಇದ್ದದ್ದು ಒಂದೇ ಸೀಟು. ಮಂಜ ಹೋಗಿ ಕೂತ. "ಕಾಲು ಸೇದ್ತಾವೆ ಕಣ್ರಲಾ," ಎಂದ.

"ಅರೆ ಯಾರ್, ಕಾಲು ನಮ್ದು, ನೋವು ಇವನ್ದು!" ಎಂದ ನಯಾಜ್.

ನಾವಿಬ್ಬರೂ ಪಾವಗಡದವರೆಗೆ ನಿಂತೇ ಬಂದೆವು. ಒಳ್ಳೆಯದೇ ಆಯಿತು ಬಿಡಿ, ಕೂತಿದ್ದರೆ ಮತ್ತೆ ಏಳಲು ಆಗುತ್ತಲೇ ಇರಲಿಲ್ಲ.